ಬಸವನ ರಕ್ತದ ರಿಪೋರ್ಟು

"ದೇವರ ರಕ್ತ ತೆಗೆಯಬೇಕಾದರೆ ಯಾರ ಸಹಿ ತಗೋಬೇಕು?"

ನೀಲಾವತಿ ಇದನ್ನು ಯಾರನ್ನೂ ಕೇಳಿದ್ದಲ್ಲ. ಜೀಪು ಬೇಗೂರು ದಾಟಿ ಒಳದಾರಿ ಹಿಡಿದಿತ್ತು. ಕಿಟಕಿಯಾಚೆ ಚೆಂಡುಹೂವಿನ ಹೊಲಗಳು ಹಿಂದಕ್ಕೆ ಸರಿಯುತ್ತಿದ್ದವು. ಆ ಹೂವಿಗೋ, ಬೀಸುವ ಗಾಳಿಗೋ, ಮಡಿಲಲ್ಲಿ ಬೆಳಗುತ್ತಿದ್ದ ಮೊಬೈಲಿಗೋ ಹೇಳಿಕೊಂಡ ಹಾಗಿತ್ತು. ಉತ್ತರ ಹೇಳಬೇಕಾದವರು ಹತ್ತಿರದಲ್ಲಿ ಯಾರೂ ಇಲ್ಲದ್ದರಿಂದ ಡ್ರೈವರ್ ಹಿದಾಯತ್ ಉಲ್ಲಾ ಆ ಭಾರವನ್ನು ತಾನೇ ಹೊತ್ತುಕೊಂಡ.

"ಮನುಷ್ಯರು ಸಹಿ ಹಾಕೋದಕ್ಕೇ ಒಂದು ಮಳೆಗಾಲ ಹೋಯ್ತು ಮೇಡಂ. ದೇವ್ರಿಗೆ ನಮ್ಮಷ್ಟು ಪುರಸೊತ್ತು ಎಲ್ಲಿದ್ದದು?"

ಮೊಬೈಲಿನಲ್ಲಿದ್ದದ್ದು ಎಥಿಕ್ಸ್ ಕಮಿಟಿಯ ಪತ್ರ. ಸಂಶೋಧನೆಯ ಹೆಸರಿನಲ್ಲಿ ಯಾರಿಗೂ ಅನ್ಯಾಯವಾಗದ ಹಾಗೆ ಕಾಯುವ ದೊಡ್ಡವರ ಮಂಡಳಿ ಅದು. ಸದರಿ ಹೋರಿಯ ಕಿವಿಯಲ್ಲಿ ನಂಬರಿನ ಓಲೆಯಿಲ್ಲವೆಂದೂ, ಮಾಲೀಕರ ಹೆಸರು ಕೇಳಿದಲ್ಲಿ ಮಾದಪ್ಪ ಎಂದೂ ವಿಳಾಸದಲ್ಲಿ ಬೆಟ್ಟ ಎಂದೂ ಮಾತ್ರ ಬರೆಯಲಾಗಿದೆಯೆಂದೂ, ಆದ್ದರಿಂದ ಮಾಲೀಕರ ಲಿಖಿತ ಒಪ್ಪಿಗೆ ಪಡೆದು ಕಳಿಸತಕ್ಕದ್ದೆಂದೂ ಅವರು ಬಹಳ ಮರ್ಯಾದೆಯಿಂದ ತಿಳಿಸಿದ್ದರು.

ನೀಲಾವತಿ ಪಶುವೈದ್ಯೆ. ಚಾಮರಾಜನಗರದಲ್ಲಿ ಬಾಡಿಗೆ ಮನೆಯೊಂದನ್ನು ಲ್ಯಾಬು ಮಾಡಿಕೊಂಡು ಕೂತಿದ್ದ ಸಂಶೋಧನಾ ಯೋಜನೆಯೊಂದರಲ್ಲಿ ಅವಳ ಕೆಲಸ. ಮನುಷ್ಯನ ಆರೋಗ್ಯ, ದನದ ಆರೋಗ್ಯ, ಮಣ್ಣುನೀರಿನ ಆರೋಗ್ಯ ಬೇರೆಬೇರೆಯಲ್ಲ, ಮೂರೂ ಒಂದೇ ಎಂಬುದು ಆ ಯೋಜನೆಯ ಮಂತ್ರ. ಒಂದೇ ಆದ್ದರಿಂದ ಮೂರು ಜೀಪುಗಳಿದ್ದವು. ಮನುಷ್ಯರ ರಕ್ತ ತೆಗೆಯುವ ಡಾಕ್ಟರ ಜೀಪು ಬಂದ ದಿನ ದನದ ರಕ್ತ ತೆಗೆಯುವ ನೀಲಾವತಿಯ ಜೀಪು ಬರುತ್ತಿರಲಿಲ್ಲ. ಕೆರೆಯ ನೀರನ್ನೂ ಕೊಟ್ಟಿಗೆಯ ಮಣ್ಣನ್ನೂ ಸೀಸೆಗೆ ತುಂಬುವವರು ಇವರಿಬ್ಬರೂ ಇಲ್ಲದ ದಿನ ನೋಡಿ ಬರುತ್ತಿದ್ದರು. ಮೂರೂ ಒಂದೆಡೆ ಸೇರುತ್ತಿದ್ದುದು ಗುಂಡ್ಲುಪೇಟೆಯ ಪೆಟ್ರೋಲ್ ಬಂಕಿನಲ್ಲಿ ಮಾತ್ರ.

ಈಗ ಅವಳು ಹೊರಟಿದ್ದ ಹೊನ್ನೆಮರದಹುಂಡಿ ಅವಳ ತಾಯಿಯ ತವರು. ಆ ಊರಲ್ಲಿ ಗಬ್ಬದ ಹಸುಗಳು ದಿನ ತುಂಬುವ ಮೊದಲೇ ಕಂದು ಹಾಕುತ್ತಿದ್ದವು. ಗಂಡಸರಿಗೆ, ಕೆಲವು ಹೆಂಗಸರಿಗೂ, ಸಂಜೆ ಏರಿ ಬೆಳಗ್ಗೆ ಇಳಿಯುವ ಜ್ವರ ಹಿಡಿದಿತ್ತು. ಎರಡೂ ಒಂದೇ ಕಾಯಿಲೆ, ಹಸುವಿನಿಂದ ಹಸುವಿಗೆ, ಹಸುವಿನಿಂದ ಮನುಷ್ಯನಿಗೆ ದಾಟುವ ಕಂದುರೋಗ ಎಂಬುದು ನೀಲಾವತಿಯ ಗುಮಾನಿ. ಅವಳಿಗೆ ಅದು ಬರೀ ಗುಮಾನಿಯಾಗಿ ಉಳಿದಿರಲಿಲ್ಲ. ಅವಳನ್ನು ಹೆಗಲ ಮೇಲೆ ಹೊತ್ತು ಮಾದಪ್ಪನ ಬೆಟ್ಟ ಹತ್ತಿಸಿದ್ದ ಸೋದರಮಾವ ರಾಚಯ್ಯ ದಸರೆಯಿಂದೀಚೆಗೆ ಅದೇ ಜ್ವರದಲ್ಲಿ ಬೇಯುತ್ತಿದ್ದ. ಬೆನ್ನು ಬಾಗಿತ್ತು. ಕೂತರೆ ಏಳಲಾರ, ಎದ್ದರೆ ಕೂರಲಾರ. ಕೆಲವು ವಾರ ಬಿಡದೆ ಮಾತ್ರೆ ನುಂಗಿದರೆ ವಾಸಿಯಾಗುವ ಕಾಯಿಲೆ; ಬಿಟ್ಟರೆ ಬೆನ್ನುಮೂಳೆಯನ್ನು ತಿಂದು ಮಲಗಿಸುವ ಕಾಯಿಲೆ. ಮಾತ್ರೆಗೆ ಮೊದಲು ರಕ್ತ ಕೊಡಬೇಕು. ರಾಚಯ್ಯ ಕೊಡುತ್ತಿರಲಿಲ್ಲ.

ಏಕೆಂದರೆ ರಾಚಯ್ಯ ಬಸವನ ಹಗ್ಗ ಹಿಡಿಯುವವನು.

ಮಾದಪ್ಪನ ಹೆಸರಲ್ಲಿ ಬಿಟ್ಟ ಹೋರಿ ಅದು. ಹಣೆಗೆ ವಿಭೂತಿ, ಕೊರಳಿಗೆ ಗಂಟೆ, ಕೊಂಬಿನ ತುದಿಗೆ ಹಿತ್ತಾಳೆ. ಹೆಣ್ಣು ತರಬೇಕೆ, ಬೋರು ಕೊರೆಸಬೇಕೆ, ಕಳೆದ ಓಲೆ ಯಾರ ಮನೆಯಲ್ಲಿದೆಯೆಂದು ತಿಳಿಯಬೇಕೆ, ಅದರ ಮುಂದೆ ಮಂಡಿಯೂರಿ ಅಂಗೈ ಹಾಸಬೇಕು. ಬಸವ ಆ ಅಂಗೈಯ ಮೇಲೆ ಮುಂಗಾಲು ಊರಿದರೆ ಪಾದ ಕೊಟ್ಟ ಹಾಗೆ, ಹೌದು ಎಂದರ್ಥ. ಮುಖ ತಿರುವಿದರೆ ಇಲ್ಲ. ಪಾದ ಕೊಡುವ ಕೆಲಸವಿಲ್ಲದ ಹೊತ್ತಿನಲ್ಲಿ ಅದು ಸುತ್ತಲ ಊರುಗಳ ಬೆದೆಗೆ ಬಂದ ಹಸುಗಳ ಮೇಲೆ ಹಾರುತ್ತಿತ್ತು. ಅದಕ್ಕೆ ಯಾರ ಸಹಿಯೂ ಬೇಕಿರಲಿಲ್ಲ. ಕಾಯಿಲೆ ಹರಡುತ್ತಿರುವುದು ಈ ಹೋರಿಯಿಂದಲೇ ಎಂದು ನೀಲಾವತಿ ಮನಸ್ಸಿನಲ್ಲಿ ತೀರ್ಮಾನಿಸಿಬಿಟ್ಟಿದ್ದಳು; ಪಕ್ಕದ ಊರುಗಳವರೂ ಹಾಗೇ ಪಿಸುಗುಡತೊಡಗಿದ್ದರು.

ಮಾವ ಜಗಲಿಯ ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದ. ಅತ್ತೆ ಚಿಕ್ಕನಿಂಗಮ್ಮ ಕಾಫಿ ತಂದಿಟ್ಟು, ನಿಮ್ಮ ಮಾವನಿಗೆ ನೀನಾದರೂ ಹೇಳವ್ವ ಎಂದು ಕಣ್ಣಲ್ಲೇ ಬೇಡಿ ಒಳಗೆ ಹೋದಳು. ನೀಲಾವತಿ ಹೇಳಿದಳು. ಜ್ವರ ಅಂದಳು, ಮೂಳೆ ಅಂದಳು, ಮಾತ್ರೆ ಅಂದಳು. ಮಾವ ಎಲ್ಲಕ್ಕೂ ತಲೆದೂಗಿದ. ಅವನಿಗೆ ಅದರಲ್ಲಿ ಯಾವುದರ ಮೇಲೂ ಅಪನಂಬಿಕೆಯಿರಲಿಲ್ಲ. ಅವನ ತಾಪತ್ರಯ ಬೇರೆ. ಈ ಜ್ವರ ಬಂದಾಗಿನಿಂದ ಸೋಮವಾರ ಸಂಜೆ ಹಗ್ಗ ಹಿಡಿದು ನಿಂತರೆ ಮೈ ಗಡಗಡ ನಡುಗುತ್ತಿತ್ತು, ಕಣ್ಣು ಕೆಂಡವಾಗುತ್ತಿತ್ತು, ಮಾತು ತಾನಾಗಿ ಹರಿಯುತ್ತಿತ್ತು. ಇಷ್ಟು ವರ್ಷ ಬಸವನ ಪಕ್ಕದಲ್ಲಿ ಸುಮ್ಮನೆ ನಿಂತಿದ್ದವನ ಮೈಮೇಲೆ ಈಗ ಸಾಕ್ಷಾತ್ ಮಾದಪ್ಪನೇ ಬರುತ್ತಾನೆಂದು ಗುಂಡ್ಲುಪೇಟೆಯಿಂದಲೂ ಜನ ಬರತೊಡಗಿದ್ದರು.

"ಮಾತ್ರ ನುಂಗುದ್ರ ಜರ ಓಯ್ತದ, ಅದು ಸರಿ ಮಗ," ಅಂದ ರಾಚಯ್ಯ. "ಜರದ ಜೊತೆಗ ಇನ್ನೇನ್ ಓಯ್ತದ ಅಂತ ನಿನ್ ಲ್ಯಾಬು ಏಳ್ತದಾ?"

ಲ್ಯಾಬಿನಲ್ಲಿ ಅದಕ್ಕೆ ಪರೀಕ್ಷೆಯಿರಲಿಲ್ಲ.

ಕೊನೆಗೆ ಅವನು ಒಂದು ಮಾತಿಗೆ ಬಂದ. ಬಸವ ರಕ್ತ ಕೊಟ್ಟರೆ ತಾನೂ ಕೊಡುತ್ತೇನೆ. ಬಸವನಿಗಿಲ್ಲದ ಸೂಜಿ ತನಗೆ ಬೇಡ. ಊರಿನ ಯಜಮಾನ ಶಾಂತರಾಜುವೂ ಹಾಗೇ ಅಂದ. ಬಸವನ ಪರವಾಗಿ ಸಹಿ ಹಾಕಲು ತಾನ್ಯಾರು, ಪಂಚಾಯಿತಿ ಯಾರು? ಬಸವನನ್ನೇ ಕೇಳಲಿ.

ಸೋಮವಾರ ನೀಲಾವತಿ ಬಸವನ ಮಂಟಪದ ಮುಂದೆ ಮಂಡಿಯೂರಿದಳು. ಪಶುವೈದ್ಯೆಗೆ ಹೋರಿಯ ಕಾಲ ಕೆಳಗೆ ಕೈಯಿಡುವುದು ಕಲಿಸಿದ ಪಾಠಕ್ಕೆ ವಿರುದ್ಧ. ಆದರೂ ಎರಡು ಅಂಗೈ ಸೇರಿಸಿ ಹಾಸಿದಳು. ಬಸವ ಮೊದಲು ಅವಳ ಕೂದಲು ಮೂಸಿತು. ಕೆಚ್ಚಲು ಮುಲಾಮು, ಡೆಟ್ಟಾಲು, ನೂರು ಕೊಟ್ಟಿಗೆಗಳ ವಾಸನೆ. ಆಮೇಲೆ ಬೆಕ್ಕು ಕಾಲಿಟ್ಟಷ್ಟು ಹಗುರವಾಗಿ ಗೊರಸನ್ನು ಅಂಗೈಯ ಮೇಲಿಟ್ಟಿತು. ಉಘೇ ಎಂಬ ಕೂಗು ಎದ್ದಿತು. ಶಾಂತರಾಜು ಅದೇ ಬಿಸಿಯಲ್ಲಿ ಗೊರಸಿಗೆ ಕುಂಕುಮ ಕಲಸಿ ಹಚ್ಚಿಸಿ, ಒಪ್ಪಿಗೆ ಪತ್ರದಲ್ಲಿ ಮಾಲೀಕರ ಸಹಿ ಎಂದಿದ್ದ ಕಡೆ ಒತ್ತಿಸಿಯೇಬಿಟ್ಟ. ಅದು ಆ ಜಾಗದಲ್ಲಿ ಹಿಡಿಸದೆ ಸಾಕ್ಷಿಗಳ ಜಾಗವನ್ನೂ ಸಂಶೋಧಕರ ಜಾಗವನ್ನೂ ಆವರಿಸಿಕೊಂಡಿತು. ಕಮಿಟಿಯವರು ಆಮೇಲೆ ಇದನ್ನು ಒಪ್ಪಿಕೊಂಡರು. ಸಾಕ್ಷಿಗಳು ಮಾತ್ರ ಬೇರೆ ಹಾಳೆಯಲ್ಲಿ ಸಹಿ ಮಾಡಿ ಕಳಿಸಬೇಕೆಂದು ಬರೆದರು.

ರಾಚಯ್ಯ ಬಸವನ ಬೆನ್ನಿನ ಇಣಿಲಿನ ಮೇಲೆ ಕೈಯಿಟ್ಟು ಏನೋ ಗುನುಗುತ್ತ ನಿಂತ. ಬಸವ ಕತ್ತು ಕೊಟ್ಟಿತು. ಸೂಜಿ ಒಳಗಿಳಿದರೂ ಕಿವಿ ಅಲ್ಲಾಡಲಿಲ್ಲ.

ಆಮೇಲೆ ಆದದ್ದನ್ನು ನೀಲಾವತಿ ಯಾವ ವರದಿಯಲ್ಲೂ ಬರೆಯಲಾಗಲಿಲ್ಲ. ತಿಂಗಳುಗಟ್ಟಲೆ ರಕ್ತ ಎಂದರೆ ಹೊಲಕ್ಕೆ ಓಡುತ್ತಿದ್ದ ಜನ ಅಂಗಿಯ ತೋಳು ಮಡಿಸಿಕೊಂಡು ಸಾಲು ನಿಂತರು. ಬಸವನಿಗೆ ಚುಚ್ಚಿದ ಸೂಜಿಯಲ್ಲೇ ತಮಗೂ ಚುಚ್ಚಬೇಕು ಎಂಬುದೊಂದೇ ಅವರ ಕೋರಿಕೆ. ಒಬ್ಬರ ಸೂಜಿ ಇನ್ನೊಬ್ಬರಿಗೆ ಸಲ್ಲದೆಂದು ಅವಳು ಎಷ್ಟು ಹೇಳಿದರೂ, ಬಸವ ಇನ್ನೊಬ್ಬರು ಹೇಗಾಗುತ್ತಾನೆಂದು ಅವರು ಕೇಳಿದರು. ಜಗಳ ಜೋರಾಗಿ, ಕೊನೆಗೆ ಹಿದಾಯತ್ ಉಲ್ಲಾ ಜೀಪಿನಿಂದ ಹೊಸ ಸೂಜಿಗಳ ಡಬ್ಬವನ್ನು, ಮುಚ್ಚಳ ತೆಗೆಯದೆ, ಹಾಗೇ ತಂದು ಬಸವನ ಹಣೆಗೆ ಮುಟ್ಟಿಸಿದ.

"ಎಲ್ಲಾನೂ ಪ್ರಸಾದ ಆಯ್ತು. ಈಗ ಚುಚ್ಚುಸ್ಕೊಳ್ಳಿ," ಎಂದ.

ಮನುಷ್ಯರ ಜೀಪಿನ ಡಾಕ್ಟರನ್ನು ಫೋನು ಮಾಡಿ ಕರೆಸಲಾಯಿತು. ಯೋಜನೆ ಹುಟ್ಟಿದ ಮೇಲೆ ಎರಡು ಜೀಪು ಒಂದೇ ಊರಲ್ಲಿ ನಿಂತದ್ದು ಅದೇ ಮೊದಲು. ಅವರು ಆ ತಿಂಗಳ ವರದಿಯಲ್ಲಿ, ತಾವು ಹಂಚಿದ ಕರಪತ್ರಗಳಿಂದ ಜನರಲ್ಲಿ ಗಣನೀಯ ಜಾಗೃತಿ ಮೂಡಿದೆಯೆಂದು ಬರೆದರು. ರಾಚಯ್ಯ ಎಲ್ಲರಿಗಿಂತ ಕೊನೆಯಲ್ಲಿ ತೋಳು ಕೊಟ್ಟ. ನೀಲಾವತಿಗೆ ಅಷ್ಟು ಸಾಕಾಗಿತ್ತು.

ಲ್ಯಾಬಿನ ಅಫ್ರೀನ್ ಫೋನು ಮಾಡಿದಾಗ ಅವಳು ಚಾಮರಾಜನಗರದ ಬಸ್‌ಸ್ಟ್ಯಾಂಡಿನ ಎದುರು ಇಡ್ಲಿ ತಿನ್ನುತ್ತಿದ್ದಳು. ಹೊನ್ನೆಮರದಹುಂಡಿಯ ಹಸುಗಳಲ್ಲಿ ಅರ್ಧಕ್ಕೆ ಹತ್ತಿರ ಕಂದುರೋಗ. ಮನುಷ್ಯರಲ್ಲಿ ನಿರೀಕ್ಷೆಗಿಂತ ಬಹಳ ಹೆಚ್ಚು. ಹಸು ಸಾಕದ ಮನೆಯವರಿಗೂ ಇದೆ. ರಾಚಯ್ಯನಿಗೆ ಇದ್ದೇ ಇದೆ, ಜೋರಾಗಿದೆ. ಬಸವನ ರಕ್ತ ಮಾತ್ರ ಸ್ವಚ್ಛ. ಎರಡು ಸಲ ಮಾಡಿ ನೋಡಿದೆ, ಏನೂ ಇಲ್ಲ, ಎಂದಳು ಅಫ್ರೀನ್.

ನೀಲಾವತಿಯ ಇಡ್ಲಿ ಆರಿತು. ಹೋರಿಯಲ್ಲ ಎಂದ ಮೇಲೆ ಹಸುವೇ ಸಾಕದವರಿಗೆ ಎಲ್ಲಿಂದ? ಹಾಲಿನಿಂದ ಎನ್ನುವಂತಿರಲಿಲ್ಲ. ಮನೆಮನೆಗೆ ಹೋಗಿ ತುಂಬಿಸಿದ್ದ ಪ್ರಶ್ನಾವಳಿಯಲ್ಲಿ ಹಸಿ ಹಾಲು ಕುಡಿಯುತ್ತೀರಾ ಎಂಬ ಪ್ರಶ್ನೆಗೆ ಇಡೀ ಊರು ಇಲ್ಲ ಎಂದಿತ್ತು, ಮತ್ತು ಅದು ನಿಜವೂ ಆಗಿತ್ತು. ಆ ಊರಿನಲ್ಲಿ ಹಾಲು ಉಕ್ಕುವ ತನಕ ಕಾಯಿಸದೆ ಮಗುವಿಗೂ ಕೊಡುವುದಿಲ್ಲ, ಬೆಕ್ಕಿಗೂ ಕೊಡುವುದಿಲ್ಲ. ಪ್ರಶ್ನೆಗಳನ್ನು ಪರೀಕ್ಷಿಸಿ ನೋಡಲು ನೀಲಾವತಿ ಮೊದಲು ತನ್ನನ್ನೇ ಕೇಳಿಕೊಂಡಿದ್ದಳು. ಅವಳ ಉತ್ತರವೂ ಇಲ್ಲ ಎಂದೇ.

ಡಾಕ್ಟರು ಬರೆದುಕೊಟ್ಟ ಮಾತ್ರೆಗಳ ಪೊಟ್ಟಣ ಹಿಡಿದು ಅವಳು ಹೊನ್ನೆಮರದಹುಂಡಿಗೆ ಹೋದಳು. ಎಲ್ಲರ ರಿಪೋರ್ಟನ್ನೂ ಅವರವರ ಮನೆಗೆ ಮುಟ್ಟಿಸಬೇಕೆಂದಿದ್ದಳು. ಯಾರೂ ತಮ್ಮದನ್ನು ಕೇಳಲಿಲ್ಲ. ಎಲ್ಲರೂ ಕೇಳಿದ್ದು ಬಸವನದು. ಅದರಲ್ಲಿ ಏನೂ ಇಲ್ಲವೆಂದು ತಿಳಿದ ಕೂಡಲೇ ಶಾಂತರಾಜುವಿನ ಕಣ್ಣಲ್ಲಿ ನೀರು ಬಂತು. ನಿಮ್ಮ ಹೋರಿಯಿಂದಲೇ ನಮ್ಮ ಹಸು ಕಂದು ಹಾಕಿದ್ದು ಎಂದು ಆಡಿಕೊಂಡಿದ್ದ ಪಕ್ಕದ ಊರುಗಳ ಬಾಯಿ ಮುಚ್ಚಿಸಲು ಅಷ್ಟು ಸಾಕಾಗಿತ್ತು. ಅವನು ಆ ಹಾಳೆಯನ್ನು ಅಂದೇ ಗುಂಡ್ಲುಪೇಟೆಗೆ ಒಯ್ದು ಕಟ್ಟು ಹಾಕಿಸಿ, ಗಾಜಿಗೆ ಮೂರೆಳೆ ವಿಭೂತಿ ಬಳಿದು, ಮಂಟಪದಲ್ಲಿ ತೂಗುಹಾಕಿದ.

"ಬಸವಂಗೇ ಇಲ್ಲ ಅಂದ್ಮೇಲ ನಮಗೆಲ್ಲಿಂದ ಬತ್ತದ ಡಾಕ್ಟ್ರವ್ವ?" ಅಂದ. ನೀಲಾವತಿ ಇದೇ ಪ್ರಶ್ನೆಯನ್ನು ಬಸ್‌ಸ್ಟ್ಯಾಂಡಿನಲ್ಲಿ ಕೇಳಿಕೊಂಡಿದ್ದಳು. ಇಬ್ಬರ ಪ್ರಶ್ನೆಯೂ ಒಂದೇ. ಅವನದು ಸಂತೋಷದ ಪ್ರಶ್ನೆ.

ಮಾವ ಮಾತ್ರೆಗಳನ್ನು ಬೇಡ ಎನ್ನಲಿಲ್ಲ. ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿ ವಿಭೂತಿಗಟ್ಟಿಯ ಪಕ್ಕ ಇಟ್ಟ. ವಾರ ಕಳೆದು ಬಂದು ನೋಡಿದರೆ ಅಲ್ಲೇ ಇದ್ದವು. ದಿನವೂ ಹೂವೇರಿಸುತ್ತಿದ್ದಾರೆ, ಊದುಬತ್ತಿ ಹಚ್ಚುತ್ತಿದ್ದಾರೆ, ನುಂಗುವುದೊಂದಿಲ್ಲ, ಎಂದು ಚಿಕ್ಕನಿಂಗಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. ಈಚೆಗೆ ರಾತ್ರಿ ಮಗ್ಗುಲು ಬದಲಿಸಲೂ ಅವಳೇ ಕೈ ಕೊಡಬೇಕಿತ್ತು.

ಆ ದಿನ ಸೋಮವಾರ. ಬಸವನ ಮೇಲಿನ ಅಪವಾದ ಕಳೆದದ್ದಕ್ಕೆ ದೊಡ್ಡ ಹಾಲಿನ ಅಭಿಷೇಕ ಗೊತ್ತಾಗಿತ್ತು. ನೀಲಾವತಿ ಬಂದದ್ದು ಮಾತ್ರೆಯ ವಿಚಾರಕ್ಕೆ. ಊರವರು ತಿಳಿದದ್ದು ಅಭಿಷೇಕಕ್ಕೆಂದು. ಶಾಂತರಾಜು ಅವಳಿಗೆ ಹೊದಿಸಲು ಶಾಲು ತರಿಸಿಟ್ಟಿದ್ದ.

ಅತ್ತೆ ಹಿತ್ತಿಲಿಂದ ಹಿತ್ತಾಳೆ ತಂಬಿಗೆಯ ತುಂಬ ಹಾಲು ತಂದಳು. ಆಗಷ್ಟೇ ಕರೆದದ್ದು, ನೊರೆ ಇನ್ನೂ ಆರಿರಲಿಲ್ಲ. ಒಲೆಯ ಪಕ್ಕ ಹಾದುಹೋಗದೆ ಹೊರಗಿನಿಂದ ಸುತ್ತಿಕೊಂಡು ಅಂಗಳಕ್ಕೆ ಬಂದಳು. ಯಾವ ಹಸುವಿನದು ಎಂದು ನೀಲಾವತಿ ಸುಮ್ಮನೆ ಮಾತಿಗೆ ಕೇಳಿದಳು.

"ಕೆಂದೀದು ಕಣವ್ವ. ಮೊನ್ನ ಕಂದಾಕ್ತಲ್ಲ, ಅದು."

ಕಂದು ಹಾಕಿದ ಹಸುವಿನ ಹಾಲನ್ನು ಆ ಊರಲ್ಲಿ ಡೈರಿಗೆ ಹಾಕುವುದಿಲ್ಲ. ದೋಷದ ಹಾಲು ಮಾರಬಾರದು. ಮನೆಯವರೂ ಮುಟ್ಟುವುದಿಲ್ಲ. ದೋಷ ಕಳೆಯಲಿ ಎಂದು ಮಾದಪ್ಪನಿಗೆ ಮುಡಿಪು ಕಟ್ಟುತ್ತಾರೆ. ಸೋಮವಾರ ಸೋಮವಾರ ಅದನ್ನು ಬಸವನ ಪಾದಕ್ಕೆ ಎರೆಯುತ್ತಾರೆ. ಬೆಂಕಿ ಕಂಡ ಹಾಲು ದೇವರಿಗೆ ಸಲ್ಲದಾದ್ದರಿಂದ ಹಸಿಯಾಗೇ ಎರೆಯುತ್ತಾರೆ. ಪಾದದ ಕೆಳಗಿನ ಕೊಪ್ಪರಿಗೆಯಲ್ಲಿ ನಿಂತದ್ದನ್ನು ಊರೆಲ್ಲ, ಹಸುವಿದ್ದವರೂ ಇಲ್ಲದವರೂ, ಅಂಗೈಯಲ್ಲಿ ಹಿಡಿದು ಕುಡಿಯುತ್ತಾರೆ. ನೀಲಾವತಿ ರಜೆಗೆ ಬಂದಾಗಲೆಲ್ಲ ಕುಡಿದಿದ್ದಾಳೆ. ಮಾವನ ಕೈಯಿಂದಲೇ.

ಹಸಿ ಹಾಲು ಕುಡಿಯಬೇಡಿ ಎಂದು ಇಷ್ಟು ದಿನ ಹೇಳಿದೆನಲ್ಲ ಅತ್ತೆ, ಎಂದಳು.

"ಇದು ಹಾಲಲ್ಲ ಕಣಮ್ಮಿ. ತೀರ್ಥ."

ಚಿಕ್ಕನಿಂಗಮ್ಮ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಪ್ರಶ್ನೆಗೆ ಇಲ್ಲ ಎಂದವರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಪಶುವೈದ್ಯಶಾಸ್ತ್ರ ಓದಿ ಪ್ರಶ್ನೆಯನ್ನು ತಾನೇ ಬರೆದವಳೂ ಹೇಳಿರಲಿಲ್ಲ.

ಮಂಟಪದ ಮುಂದೆ ಕಾಲಿಡಲು ಜಾಗವಿರಲಿಲ್ಲ. ಬಾಯಿ ಮುಚ್ಚಿಕೊಂಡ ಪಕ್ಕದ ಊರುಗಳವರು ತಪ್ಪುಕಾಣಿಕೆಯಾಗಿ ತಮ್ಮ ಹಾಲನ್ನೂ ಹೊತ್ತು ತಂದಿದ್ದರು. ಇಲ್ಲಿಯ ತೀರ್ಥವನ್ನು ಅದೇ ತಂಬಿಗೆಗಳಲ್ಲಿ ತಮ್ಮೂರಿಗೆ ಒಯ್ಯುವವರಿದ್ದರು. ಅದಕ್ಕೆಲ್ಲ ಕಾರಣವಾದ ರಿಪೋರ್ಟು ಅವರ ತಲೆಯ ಮೇಲೆ ಗಾಜಿನೊಳಗೆ ಹೊಳೆಯುತ್ತಿತ್ತು. ಕೆಳಗೆ ನೀಲಾವತಿಯ ಸಹಿಯಿತ್ತು.

ಶಾಂತರಾಜು ಮೈಕು ಕೊಟ್ಟ. ಅವಳು ತಡಮಾಡದೆ ಹಾಲಿನಿಂದ ಕಾಯಿಲೆ ಬರುತ್ತದೆ, ಹಾಲನ್ನು ಕಾಯಿಸಿಯೇ ಕುಡಿಯಬೇಕು ಎಂದಳು. ಜನ ಚಪ್ಪಾಳೆ ತಟ್ಟಿದರು. ಅವರೆಲ್ಲರೂ ಕಾಯಿಸಿಯೇ ಕುಡಿಯುವವರು. ಈ ಹಾಲನ್ನೂ ಕಾಯಿಸಿ, ಈ ಕೊಪ್ಪರಿಗೆಯದನ್ನೂ, ಎನ್ನುವಷ್ಟರಲ್ಲಿ ಮೊದಲ ಕೊಡ ಬಸವನ ಪಾದಕ್ಕೆ ಬಿದ್ದು ಉಘೇ ಎಂದು ಊರು ಕೂಗಿತು. ಮೈಕು ಹಾಡುವವರ ಕೈಗೆ ಹೋಯಿತು. ಹಿಂದಿನಿಂದ ಯಾರೋ ಶಾಲು ಹೊದಿಸಿದರು.

ಅವಳು ಮಾವನ ಬಳಿಗೆ ನುಗ್ಗಿ ಹೋಗಿ ಕಿವಿಯಲ್ಲಿ ಹೇಳಿದಳು. ಬಸವನಲ್ಲಿ ದೋಷವಿಲ್ಲ ಮಾವ, ಹಾಲಿನಲ್ಲಿದೆ. ನಿಮ್ಮ ಜ್ವರ ಇದರಲ್ಲೇ ಬಂದದ್ದು. ಎರೆಯುವುದು ಎರೆಯಿರಿ, ಹಂಚಬೇಡಿ. ರಾಚಯ್ಯ ಹಾಲು ತೊಟ್ಟಿಕ್ಕುವ ಕೈಯಲ್ಲಿ ಹಗ್ಗ ಹಿಡಿದು ಪೂರ್ತಿ ಕೇಳಿಸಿಕೊಂಡ. ನೋವಿಗೆ ಅವನ ಸೊಂಟ ಒಂದು ಕಡೆಗೆ ವಾಲಿತ್ತು. ಕೋಪ ಮಾಡಿಕೊಳ್ಳಲಿಲ್ಲ. ಅವಳು ಚಿಕ್ಕವಳಿದ್ದಾಗ ಬೆಟ್ಟದ ಮೆಟ್ಟಿಲಲ್ಲಿ ಕಾಲು ನೋಯುತ್ತದೆಂದು ಕೂತರೆ ನೋಡುತ್ತಿದ್ದ ಹಾಗೇ ನೋಡಿದ. ಆಮೇಲೆ ಹಗ್ಗವನ್ನು ಶಾಂತರಾಜುವಿಗೆ ಕೊಟ್ಟು, ಕೊಪ್ಪರಿಗೆಯಿಂದ ಉದ್ಧರಣೆಯಲ್ಲಿ ತೀರ್ಥ ತೆಗೆದು ಎಲ್ಲರಿಗೂ ಕಾಣುವಂತೆ ಅವಳ ಮುಂದೆ ಹಿಡಿದ. ಮೊದಲ ತೀರ್ಥ ಮನೆಮಗಳಿಗೆ. ಹಾಡು ನಿಂತಿತು.

"ನಿಂಗ ಇದ್ರ ಭಯ, ನಂಗ ಆ ಮಾತ್ರೆ ಭಯ," ಎಂದ ರಾಚಯ್ಯ. "ನಿನ್ ಭಯವ ನೀನು ನುಂಗು ಮಗ, ನನ್ ಭಯವ ನಾನು ನುಂಗ್ತೀನಿ. ನೀನು ಇದ ಕುಡುದ್ರ ಇವತ್ತಿಂದ್ಲೇ ಮಾತ್ರ ತಕ್ಕತ್ತೀನಿ, ಒಂದೂ ಬುಡಲ್ಲ. ಮಾದಪ್ಪನಾಣ."

ರಾಚಯ್ಯ ಆಣೆಯಿಟ್ಟು ತಪ್ಪಿದ್ದನ್ನು ಆ ಸೀಮೆಯಲ್ಲಿ ಕಂಡವರಿಲ್ಲ. ಜನರ ನಡುವೆ ಚಿಕ್ಕನಿಂಗಮ್ಮ ಎರಡೂ ಕೈಯನ್ನು ಎದೆಗೆ ಒತ್ತಿಕೊಂಡು ನೀಲಾವತಿಯ ಬಾಯನ್ನೇ ನೋಡುತ್ತಿದ್ದಳು. ಕುಡಿಯುವುದು ದೊಡ್ಡ ವಿಷಯವೇನಲ್ಲ ಎಂದು ನೀಲಾವತಿಗೆ ಗೊತ್ತಿತ್ತು. ಒಂದು ಗುಟುಕು. ಆಮೇಲೆ ಮಾವನ ಜೊತೆ ತಾನೂ ಅದೇ ಮಾತ್ರೆ ನುಂಗಿದರಾಯಿತು. ಬೆನ್ನು ನೆಟ್ಟಗಾಗುತ್ತದೆ, ಅತ್ತೆ ರಾತ್ರಿ ನಿದ್ದೆ ಮಾಡುತ್ತಾಳೆ. ಅವಳ ಅಂಗೈ ಅವಳಿಗೆ ಹೇಳದೆಯೇ ಹಳೆಯ ಅಭ್ಯಾಸದಂತೆ ಬಟ್ಟಲಾಗಿ ಮುಂದೆ ಬಂದಿತ್ತು.

ಅವಳ ಹಿಂದೆ ಸಾಲು ಮಂಟಪವನ್ನು ಸುತ್ತಿ ಬೀದಿಗಿಳಿದಿತ್ತು. ಬಗಲಲ್ಲಿ ಕೂಸು ಹೊತ್ತ ಹೆಂಗಸರು, ಗಬ್ಬದ ಹೆಂಗಸರು, ಖಾಲಿ ತಂಬಿಗೆ ಹಿಡಿದ ಪರವೂರಿನವರು. ಡಾಕ್ಟ್ರವ್ವ ಕುಡಿದರೆ ತಾವು ಕುಡಿಯುವುದಕ್ಕೆ ಅಡ್ಡಿಯಿಲ್ಲ ಎಂದು ಅವರೆಲ್ಲರೂ ಕಾಯುತ್ತಿದ್ದರು. ಅವಳು ಯೋಜನೆಯ ಕೆಲಸಕ್ಕೆ ಆ ಊರಿಗೆ ಬರತೊಡಗಿದಾಗಿನಿಂದ ಅವಳ ಮಾತಿಗೆ ಇಷ್ಟು ಜನ ಕಾದದ್ದು ಇದೇ ಮೊದಲು.

ಉದ್ಧರಣೆ ಅವಳ ಅಂಗೈಯತ್ತ ಬಾಗಿತು. ನೀಲಾವತಿ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಕೊನೆಯ ಸಾಲಿನವರಿಗೂ ಕೇಳುವ ಹಾಗೆ ಹೇಳಿದಳು.

"ಇಲ್ಲ ಮಾವ. ನಾನು ಕುಡಿಯಲ್ಲ."